ಒಂದು ಜನಾಂಗದ ಹೆಸರು ಗುಲಾಮನ ಹೆಸರಾದ ಬಗೆ

ಗುಲಾಮನನ್ನು ಇಂಗ್ಲಿಷಿನವರು ‘ಸ್ಲೇವ್’ ಎನ್ನುತ್ತಾರೆ, ಫ್ರೆಂಚರು ‘ಎಸ್ಕ್ಲಾವ್’, ಜರ್ಮನ್ನರು ‘ಸ್ಕ್ಲಾವೆ’, ಸ್ಪೇನಿನವರು ‘ಎಸ್ಕ್ಲಾವೊ’, ಇಟಲಿಯವರು ‘ಸ್ಕ್ಯಾವೊ’. ರಷ್ಯನ್ನರು, ಪೋಲರು, ಜೆಕ್ಕರು, ಸರ್ಬರು ಮುಂತಾದ ಜನರಿಗೆ ಒಟ್ಟಾಗಿ ಇರುವ ಹೆಸರು ‘ಸ್ಲಾವ್’. ಸ್ವೀಡಿಷ್ ಭಾಷೆಯಲ್ಲಂತೂ ಗುಲಾಮನಿಗೂ ಈ ಜನಕ್ಕೂ ಒಂದೇ ಪದ. ಗುಲಾಮರಾಗಿದ್ದರಿಂದ ಸ್ಲಾವರಿಗೆ ಈ ಹೆಸರು ಬಂತೆಂದು ತಿಳಿದವರೂ ಇದ್ದಾರೆ. ಆದರೆ ಬಹುಪಾಲು ಭಾಷಾವಿಜ್ಞಾನಿಗಳು ಒಪ್ಪುವ ಪ್ರಕಾರ ಹುಟ್ಟಿದ್ದು ಮೊದಲು ಜನರ ಹೆಸರು. ಗುಲಾಮಗಿರಿಯ ಅರ್ಥ ಅದಕ್ಕೆ ಆಮೇಲೆ ಅಂಟಿತು.

ಆ ಹೆಸರು ಅವರು ತಮಗೆ ತಾವೇ ಇಟ್ಟುಕೊಂಡದ್ದು. ‘ಸ್ಲೊವೊ’ ಎಂದರೆ ಅವರ ಭಾಷೆಯಲ್ಲಿ ಮಾತು. ತಿಳಿಯುವ ಹಾಗೆ ಮಾತಾಡುವವರು, ನಮ್ಮ ನುಡಿಯವರು ಎಂಬ ಅರ್ಥದಲ್ಲಿ ಹೆಸರು ಹುಟ್ಟಿರಬೇಕೆಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ನೆರೆಯ ಜರ್ಮನ್ನರನ್ನು ರಷ್ಯನ್ನರು ಇಂದಿಗೂ ‘ನೇಮೆತ್ಸ್’ ಎನ್ನುತ್ತಾರೆ. ಅದರ ಮೂಲದಲ್ಲಿರುವುದು ‘ಮೂಕ’ ಎಂಬ ಪದ. 6ನೇ ಶತಮಾನದಲ್ಲಿ ಬೈಜಾಂಟಿಯಮ್ಮಿನ ಇತಿಹಾಸಕಾರ ಪ್ರೊಕೋಪಿಯಸ್ ಈ ಜನರ ಬಗ್ಗೆ ಗ್ರೀಕಿನಲ್ಲಿ ಬರೆದ. ‘ಸ್ಲ’ ಎಂದು ಪದ ಶುರುಮಾಡುವುದು ಗ್ರೀಕರ ನಾಲಗೆಗೆ ಒಗ್ಗದು. ನಡುವೆ ಒಂದು ‘ಕ’ ಬಂದು ಸೇರಿತು. ಅಲ್ಲಿಂದ ಲ್ಯಾಟಿನ್ನಿಗೆ ಹೋಗಿ ‘ಸ್ಕ್ಲಾವುಸ್’ ಆಯಿತು.

ಹೆಸರಿನ ಅರ್ಥ ಕೆಟ್ಟದ್ದು ಸಂತೆಯಲ್ಲಿ. ಕ್ರೈಸ್ತರನ್ನು ಅನ್ಯಧರ್ಮೀಯರಿಗೆ ಮಾರುವುದನ್ನು ಚರ್ಚ್ ವಿರೋಧಿಸುತ್ತಿತ್ತು. ಎಲ್ಬೆ ನದಿಯಾಚೆಯ ಸ್ಲಾವರು 10ನೇ ಶತಮಾನದಲ್ಲೂ ಬಹುಮಟ್ಟಿಗೆ ತಮ್ಮ ಹಳೆಯ ದೇವರುಗಳನ್ನೇ ಪೂಜಿಸುತ್ತಿದ್ದರು. ಹೀಗಾಗಿ ಅವರನ್ನು ಹಿಡಿದು ಮಾರಲು ಧರ್ಮದ ಅಡ್ಡಿಯಿರಲಿಲ್ಲ. ಜರ್ಮನ್ ರಾಜರಾದ ಒಂದನೇ ಹೆನ್ರಿ, ಅವನ ಮಗ ಒಂದನೇ ಆಟೊ ಈ ಸ್ಲಾವರ ಮೇಲೆ ದಂಡೆತ್ತಿ ಹೋದಾಗಲೆಲ್ಲ ಸೆರೆಸಿಕ್ಕವರು ಸರಕಾದರು. 965ರ ಸುಮಾರಿಗೆ ಮಧ್ಯ ಯುರೋಪಿನಲ್ಲಿ ಸಂಚರಿಸಿದ ಇಬ್ರಾಹಿಂ ಇಬ್ನ್ ಯಾಕೂಬ್, ಪ್ರಾಗ್ ಪೇಟೆಯಿಂದ ಸಾಗುವ ಸರಕುಗಳಲ್ಲಿ ತವರದ ಜೊತೆಗೆ, ತುಪ್ಪುಳಿನ ಚರ್ಮದ ಜೊತೆಗೆ ಗುಲಾಮರನ್ನೂ ಹೆಸರಿಸುತ್ತಾನೆ. ಅವರಲ್ಲಿ ಅನೇಕರು ಸ್ಪೇನಿನ ಕಾರ್ಡೊಬಾ ತಲುಪುತ್ತಿದ್ದರು. ಅಲ್ಲಿನ ಖಲೀಫರ ಅರಮನೆಯಲ್ಲಿ, ಸೈನ್ಯದಲ್ಲಿ ‘ಸಕಾಲಿಬಾ’ ಎಂಬ ದೊಡ್ಡ ವರ್ಗವೇ ಇತ್ತು. ಅರಬ್ಬಿಯ ಆ ಪದವೂ ಸ್ಲಾವ್ ಎಂಬುದರ ಇನ್ನೊಂದು ರೂಪ.

ಗುಲಾಮನಿಗೆ ಲ್ಯಾಟಿನ್ನಿನಲ್ಲಿ ಮೊದಲೇ ‘ಸೆರ್ವುಸ್’ ಎಂಬ ಪದವಿರುವಾಗ ಹೊಸದು ಏಕೆ ಬೇಕಾಯಿತು? ಇಡೀ ಕತೆಯ ಕೀಲಿ ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ರೋಮ್ ಸಾಮ್ರಾಜ್ಯ ಕುಸಿದ ಮೇಲೆ ಹಳ್ಳಿಗಾಡಿನ ‘ಸೆರ್ವುಸ್’ ಕ್ರಮೇಣ ಒಡೆಯನ ಭೂಮಿಗೆ ಕಟ್ಟುಬಿದ್ದ ರೈತನಾದ. ಫ್ರೆಂಚಿನ ‘ಸೆರ್ಫ್’ ಬಂದದ್ದು ಅದರಿಂದಲೇ. ಅವನಿಗೆ ಬಿಡುಗಡೆ ಇರಲಿಲ್ಲ, ಆದರೆ ಮನೆಮಠವಿತ್ತು, ಉಳುವ ನೆಲವಿತ್ತು. ಪೇಟೆಯಲ್ಲಿ ನಿಲ್ಲಿಸಿ ದೂರದೇಶಕ್ಕೆ ಮಾರುವ ಮನುಷ್ಯನನ್ನು ಕರೆಯಲು ಹಳೆಯ ಪದ ಸಾಲದಾಯಿತು. ಹಾಗೆ ಮಾರಾಟವಾಗುತ್ತಿದ್ದವರಲ್ಲಿ ಸ್ಲಾವರೇ ಹೆಚ್ಚು. ಅವರ ಹೆಸರೇ ಆ ಸ್ಥಿತಿಯ ಹೆಸರಾಗಿ ನಿಂತಿತು.

ಮುಂದೆ ಕಪ್ಪು ಸಮುದ್ರದ ದಡದ ಕಾಫಾ ಬಂದರಿನಿಂದ ಜಿನೋವಾದ ವರ್ತಕರು ಇದೇ ವ್ಯಾಪಾರ ನಡೆಸಿದರು. 1475ರಲ್ಲಿ ಕಾಫಾ ಆಟೊಮನ್ ತುರ್ಕರ ಕೈಸೇರಿತು. ಅಷ್ಟರೊಳಗೆ, 1444ರಲ್ಲೇ, ಪೋರ್ಚುಗಲ್ಲಿನ ಲಾಗೊಸ್‌ನಲ್ಲಿ ಆಫ್ರಿಕಾದಿಂದ ಹಿಡಿದು ತಂದವರನ್ನು ಇಳಿಸಿ ಹಂಚಿಕೊಂಡಿದ್ದರು. ನಂತರದ ನಾಲ್ಕು ಶತಮಾನಗಳಲ್ಲಿ ಸುಮಾರು 1.25 ಕೋಟಿ ಆಫ್ರಿಕನ್ನರನ್ನು ಅಟ್ಲಾಂಟಿಕ್ ದಾಟಿಸಲು ಹಡಗು ಹತ್ತಿಸಲಾಯಿತೆಂದು ಇತಿಹಾಸಕಾರರ ಅಂದಾಜು. ಬಿಳಿ ಚರ್ಮದವರ ಹೆಸರು ಕಪ್ಪು ಚರ್ಮದವರ ಮೇಲೆ ಬಿತ್ತು. ಗುಲಾಮಗಿರಿಗೂ ಮೈಬಣ್ಣಕ್ಕೂ ಹುಟ್ಟಿನಿಂದಲೇ ನಂಟಿದೆ ಎಂದು ನಂಬಿಸಿದವರಿಗೆ ಈ ಪದವೇ ಉತ್ತರ.

ಸಂಸ್ಕೃತದ ‘ದಾಸ’ ಪದದ ಹಾದಿಯೂ ಹೆಚ್ಚುಕಡಿಮೆ ಹೀಗೆಯೇ. ಋಗ್ವೇದದಲ್ಲಿ ಅದು ಎದುರಾಳಿ ಜನರನ್ನು ಸೂಚಿಸುತ್ತದೆ, ಆಮೇಲೆ ಊಳಿಗದವನನ್ನು. ನಮ್ಮ ಹರಿದಾಸರು ಅದನ್ನು ಹೆಮ್ಮೆಯಿಂದ ತಮ್ಮ ಹೆಸರಿಗೆ ಸೇರಿಸಿಕೊಂಡರು. ವೆನಿಸ್ಸಿನಲ್ಲೂ ‘ನಾನು ನಿಮ್ಮ ದಾಸ’ ಎಂದು ವಿನಯದಿಂದ ಹೇಳುತ್ತಿದ್ದ ‘ಸ್ಚಾವೊ’ ಸವೆದು, ಇಟಲಿಯವರು ದಿನವೂ ಆಡುವ ‘ಚಾವ್’ ಆಗಿದೆ.

ಸ್ಲಾವ್ ಭಾಷೆಗಳು ಮಾತ್ರ ಗುಲಾಮನಿಗೆ ತಮ್ಮವೇ ಪದಗಳನ್ನು ಉಳಿಸಿಕೊಂಡಿವೆ. ರಷ್ಯನ್ನಿನಲ್ಲಿ ‘ರಾಬ್’. ಅದೇ ಬೇರಿನ, ಬಿಟ್ಟಿ ಚಾಕರಿ ಎಂಬ ಅರ್ಥದ ಜೆಕ್ ಪದ ‘ರೊಬೊಟಾ’ದಿಂದ ‘ರೋಬಾಟ್’ ಹುಟ್ಟಿತು. 1920ರ ತನ್ನ ನಾಟಕಕ್ಕಾಗಿ ಜೆಕ್ ಲೇಖಕ ಕಾರೆಲ್ ಚಾಪೆಕ್ ಅದನ್ನು ಬಳಸಿದ. ಸೂಚಿಸಿದವನು ಅವನ ಅಣ್ಣ ಯೋಸೆಫ್.