ಶಿವರಾತ್ರಿಯ ಪಾದಯಾತ್ರೆ: ರಾತ್ರಿ ಘಾಟಿ ಇಳಿಯುವುದು ಭಕ್ತಿಯಲ್ಲ



ಶಿವರಾತ್ರಿಗೆ ಚಳಿ ‘ಶಿವ ಶಿವ’ ಎಂದು ಓಡಿಹೋಗುತ್ತದೆ ಎಂಬ ಮಾತು ಬಯಲುಸೀಮೆಯವರದು. ಮಾರನಹಳ್ಳಿಯ ಚಳಿಗೆ ಪಂಚಾಂಗ ತಿಳಿಯದು. ಮಾಘ ಬಹುಳದಲ್ಲೂ ಇಲ್ಲಿ ನಡುರಾತ್ರಿಯ ಮೇಲೆ ಕಣಿವೆಯಿಂದ ಕಾವಳ ಏರಿಬಂದು ಹೆದ್ದಾರಿಯನ್ನು ಮುಚ್ಚುವುದುಂಟು. ಅದೇ ವೇಳೆಗೆ ಧರ್ಮಸ್ಥಳಕ್ಕೆ ಹೊರಟ ಪಾದಯಾತ್ರಿಗಳು ತಂಡ ತಂಡವಾಗಿ ಶಿರಾಡಿ ಘಾಟಿಗೆ ಇಳಿಯುತ್ತಾರೆ.

ಕಳೆದ ವಾರ ಬೆಂಗಳೂರಿನಿಂದ ತಮ್ಮನ ಮಗ ಫೋನು ಮಾಡಿದ್ದ. “ಹಗಲು ಬಿಸಿಲು ದೊಡ್ಡಪ್ಪ, ಘಾಟಿಯನ್ನು ರಾತ್ರಿಯೇ ಇಳಿದುಬಿಡ್ತೀವಿ. ಮಂಜುನಾಥಸ್ವಾಮಿ ನೋಡ್ಕೋತಾನೆ” ಎಂದ. ಈ ಬರಹ ಅವನಿಗೂ ಅವನಂಥವರಿಗೂ ಉತ್ತರ.

ಮೊದಲು ನನ್ನ ತಪ್ಪನ್ನು ಹೇಳಿಕೊಳ್ಳಬೇಕು. 1998ರ ಫೆಬ್ರವರಿಯಲ್ಲಿ ನಮ್ಮ ಕಡೆಯ ಹನ್ನೊಂದು ಜನ ಹೊರಟಿದ್ದೆವು. ಮೇಷ್ಟರೆಂಬ ಕಾರಣಕ್ಕೆ ಯಜಮಾನಿಕೆ ನನ್ನ ಪಾಲಿಗೆ ಬಂದಿತ್ತು. ರಾತ್ರಿಯೇ ಇಳಿಯೋಣ ಎಂದವನು ನಾನು. ಎಲ್ಲರೂ ಕರಿಕಂಬಳಿ ಹೊದ್ದಿದ್ದೆವು, ಹನ್ನೊಂದು ಜನಕ್ಕೆ ಎರಡು ಟಾರ್ಚು, ನಡೆಯುತ್ತಿದ್ದುದು ರಸ್ತೆಯ ಎಡಬದಿಯಲ್ಲಿ. ಒಂದು ತಿರುವಿನಲ್ಲಿ ಹಿಂದಿನಿಂದ ಬಂದ ಲಾರಿಯ ಮೈ ತಗುಲಿ ನನ್ನ ಹಳೆಯ ಶಿಷ್ಯನೊಬ್ಬ ಚರಂಡಿಗೆ ಉರುಳಿದ. ಬೆಳಕು ಹರಿಯುವವರೆಗೆ ಅವನ ಮುರಿದ ಕಾಲಿಗೆ ಪಂಚೆ ಸುತ್ತಿ ಕುಳಿತಿದ್ದೆವು. ಇಂದಿಗೂ ಅವನು ಆ ಕಾಲನ್ನು ಎಳೆದು ನಡೆಯುತ್ತಾನೆ. ನನ್ನನ್ನು ಒಮ್ಮೆಯೂ ದೂರಲಿಲ್ಲ. ಲಾರಿಯ ಚಾಲಕನನ್ನು ನಾನೂ ದೂರಲಾರೆ. ಅವನಿಗೆ ನಾವು ಕಂಡಿರಲೇ ಇಲ್ಲ.

ಕಾಣುವುದು ಹೇಗೆ? ಶಿವರಾತ್ರಿ ಬರುವುದು ಬಹುಳ ಚತುರ್ದಶಿಯಂದು. ಅದಕ್ಕೆ ಒಂದೆರಡು ದಿನ ಮೊದಲು ಘಾಟಿಯಲ್ಲಿರುವವರಿಗೆ ಚಂದ್ರ ಮೂಡುವುದೇ ನಸುಕಿನಲ್ಲಿ. ಇನ್ನು ತರಗತಿಯ ಲೆಕ್ಕ: ಗಂಟೆಗೆ 40 ಕಿ.ಮೀ. ವೇಗದ ಲಾರಿ ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಕಾವಳದಲ್ಲಿ 20 ಮೀಟರ್ ಕಂಡರೆ ಹೆಚ್ಚು. ಚಾಲಕ ಕಂಡು, ಗ್ರಹಿಸಿ, ಬ್ರೇಕ್ ಒತ್ತುವಷ್ಟರಲ್ಲಿ ಒಂದು ಸೆಕೆಂಡಾದರೂ ಕಳೆದಿರುತ್ತದೆ. ಉಳಿದ ಒಂಬತ್ತು ಮೀಟರಿನಲ್ಲಿ ಸರಕು ತುಂಬಿದ ಲಾರಿ ಇಳಿಜಾರಿನಲ್ಲಿ ನಿಲ್ಲುವುದಿಲ್ಲ. ನಮ್ಮ ಕಾಲದ ಗುಂಡಿಬಿದ್ದ ಡಾಂಬರು ರಸ್ತೆಯಲ್ಲಿ ವಾಹನಗಳು ತೆವಳುತ್ತಿದ್ದವು. 2015 ಮತ್ತು 2018ರಲ್ಲಿ ಘಾಟಿಯನ್ನು ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟು ಹಾಕಿದ ಮೇಲೆ ವೇಗ ಹೆಚ್ಚಿದೆ. ಪಾದಚಾರಿಯ ಅಂಚು ಹೆಚ್ಚಿಲ್ಲ. ಕಾಫಿಗೆ ಬೇಕಾದ ಹೂಮಳೆ ಈ ದಿನಗಳಲ್ಲೇ ಒಂದು ಹನಿ ಬಿದ್ದರಂತೂ, ಎಣ್ಣೆ ಸೋರಿದ ಆ ರಸ್ತೆ ಜಾರುಬಂಡೆ.

ವಾಹನವೊಂದೇ ಅಲ್ಲ. ಆಲೂರು–ಸಕಲೇಶಪುರದ ಕಾಡಾನೆಗಳು ತೋಟದಿಂದ ತೋಟಕ್ಕೆ ದಾಟುವುದು ಹೆಚ್ಚಾಗಿ ಕತ್ತಲಲ್ಲಿ. ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನನೇ 2023ರ ಡಿಸೆಂಬರ್ 4ರಂದು ನಮ್ಮ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆಯೊಡನೆ ಕಾದಾಡಿ ಸತ್ತ. ಹೆಗಲ ಚೀಲದ ಯಾತ್ರಿಕ ಏನು ಮಾಡಬಲ್ಲ? ಸುಬ್ರಹ್ಮಣ್ಯದ ರೈಲುಹಳಿಯೇ ಒಳದಾರಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಐವತ್ತೇಳು ಸುರಂಗಗಳಿರುವ ಆ ಹಳಿಯ ಮೇಲೆ ನಡೆಯುವುದು ನಿಷಿದ್ಧ. ಆ ಸಲಹೆಗೆ ಬೇರೆ ಉತ್ತರ ಬೇಕಿಲ್ಲ.

ಬಿಸಿಲಿನ ಮಾತು ಸುಳ್ಳೆನ್ನುವುದಿಲ್ಲ. ಗುಂಡ್ಯ ತಲುಪುವಾಗ ಕರಾವಳಿಯ ಸೆಕೆ ಮೈಗೆ ಅಂಟುತ್ತದೆ. ಅಲ್ಲಿಂದ ಪೆರಿಯಶಾಂತಿ, ಕೊಕ್ಕಡದ ಹಾದಿಯೂ ತಂಪಲ್ಲ. ಆದರೆ ಘಾಟಿಯ ಬಹುಭಾಗ ಕಾಡಿನ ನೆರಳು. ಮಾರನಹಳ್ಳಿಯಿಂದ ಅಡ್ಡಹೊಳೆಗೆ ಸುಮಾರು 26 ಕಿ.ಮೀ. ಕಾವಳ ಹರಿದ ಮೇಲೆ ಏಳು ಗಂಟೆಗೆ ಹೊರಟರೂ ಕುಳಿತು, ಉಂಡು, ಸಂಜೆ ನಾಲ್ಕೂವರೆಗೆ ಕೆಳಗಿರಬಹುದು. ಬಲಬದಿಯಲ್ಲಿ, ಎದುರಿನ ವಾಹನ ಕಾಣುವಂತೆ, ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಬಂಡೆಗೆ ಒತ್ತಿಕೊಂಡ ಕುರುಡು ತಿರುವಿದ್ದರೆ ಮಾತ್ರ, ಅದಕ್ಕೆ ಸಾಕಷ್ಟು ಮೊದಲೇ ಎರಡೂ ಕಡೆ ನೋಡಿ ಇನ್ನೊಂದು ಬದಿಗೆ ದಾಟಿ. ತಿಳಿಬಣ್ಣದ ಬಟ್ಟೆ, ಬೆನ್ನಚೀಲಕ್ಕೆ ಹೊಳೆಯುವ ರಿಫ್ಲೆಕ್ಟರ್ ಪಟ್ಟಿ, ಉಪ್ಪು–ಸಕ್ಕರೆ ಬೆರೆಸಿದ ನೀರು ಇರಲಿ. ಇಳಿಜಾರಿನಲ್ಲಿ ಬೆರಳುಗಳು ಮುಂದಕ್ಕೆ ಒತ್ತುವುದರಿಂದ ಹೊಸ ಚಪ್ಪಲಿ ಬೇಡವೇ ಬೇಡ. ಬರಿಗಾಲಿನ ಹರಕೆಯವರ ತಂಟೆಗೆ ನಾನು ಹೋಗುವುದಿಲ್ಲ.

‘ಸ್ವಾಮಿ ನೋಡಿಕೊಳ್ಳುತ್ತಾನೆ’ ಎಂಬ ಮಾತಿಗೆ ಬರುತ್ತೇನೆ. ನಾನೂ ಅವನ ಒಕ್ಕಲೇ. ಆದರೆ ನಮ್ಮ ಅವಸರದ ಹೊಣೆಯನ್ನು ಅವನ ತಲೆಗೆ ಕಟ್ಟುವುದು ಸೋಮಾರಿತನ. ಅದರಲ್ಲಿ ಲಾರಿ ಚಾಲಕನ ಮೇಲಿನ ಕ್ರೌರ್ಯವೂ ಇದೆ. ನಮ್ಮ ಹರಕೆಗಾಗಿ ಆ ಬಡವ ಜೈಲು ನೋಡಬೇಕೆ?

ನಮ್ಮ ಊರಿನವರನ್ನೂ ಬಿಡಲಾರೆ. ಹಗಲಿಡೀ ಮಜ್ಜಿಗೆ, ಪಾನಕ ಹಂಚಿ ಪುಣ್ಯ ಕಟ್ಟಿಕೊಳ್ಳುವ ನಾವು ಕತ್ತಲಾದೊಡನೆ ಬಾಗಿಲು ಹಾಕಿಕೊಳ್ಳುತ್ತೇವೆ. ಮಲಗಲು ಜಾಗ ಸಿಗದವರು ಮುಂದಕ್ಕೆ ನಡೆಯದೆ ಇನ್ನೇನು ಮಾಡಿಯಾರು? ಕಣದಲ್ಲಿ ರೋಬಸ್ಟಾ ಹರಡಿದೆ ಎಂಬ ನೆಪ ನನಗೂ ಗೊತ್ತು. ಎಷ್ಟೋ ವರ್ಷ ನಾನೂ ಅದನ್ನೇ ಹೇಳಿದ್ದೇನೆ.

ಈ ಬಾರಿ ಕಣದ ಅರ್ಧ ತೆರವು ಮಾಡಿಸಿ ಟಾರ್ಪಾಲು ಕಟ್ಟಿಸುತ್ತಿದ್ದೇನೆ. ಜಗಲಿಯೂ ಸೇರಿದರೆ ಮೂವತ್ತು ಜನ ಮಲಗಬಹುದು. ತಮ್ಮನ ಮಗನಿಗೆ ಹೇಳಿಯಾಗಿದೆ: ಸಂಜೆ ಆರಕ್ಕೆ ಮುಂಚೆ ಇಲ್ಲಿರಬೇಕು, ಬೆಳಗ್ಗೆ ಏಳಕ್ಕೆ ಮೊದಲು ಗೇಟು ತೆಗೆಯುವುದಿಲ್ಲ. ಅವನು “ಆಗಲಿ ದೊಡ್ಡಪ್ಪ” ಎಂದಿದ್ದಾನೆ, ಮನಸ್ಸಿಲ್ಲದ ಮನಸ್ಸಿನಿಂದ. ನಿಮ್ಮಲ್ಲಿ ಯಾರಾದರೂ ಆ ದಾರಿಯಲ್ಲಿ ಬರುವವರಿದ್ದರೆ ಹಿಂದಿನ ದಿನವೇ ತಿಳಿಸಿ, ಅನ್ನಕ್ಕೆ ಅಕ್ಕಿ ಅಳೆಯಬೇಕು. ಕಂಬಳಿ ನೀವೇ ತನ್ನಿ.