ಹೆಸರಿಡುವ ಅಹಂಕಾರ, ಹೆಸರು ಕೇಳುವ ತಿರಸ್ಕಾರ

ಮಗು ಹುಟ್ಟಿ ಏಳು ದಿನಗಳಾಗಿವೆ. ಮನೆಯಲ್ಲಿ ಅಖೀಖಾದ ಸಂಭ್ರಮ. ತಂದೆ ಮಗುವಿನ ಹೆಸರನ್ನು ಪ್ರಕಟಿಸುತ್ತಾರೆ. ಒಂದು ಕ್ಷಣ ಮೌನ. ಅನಂತರ ವಿಚಾರಣೆ ಆರಂಭವಾಗುತ್ತದೆ. ‘ಇದೆಂಥ ಹೆಸರಪ್ಪಾ, ಇದರ ಅರ್ಥವೇನು?’ ಎಂದು ಫುಪ್ಪು ಕೇಳುತ್ತಾರೆ. ‘ಇದು ಇಸ್ಲಾಮೀ ಹೆಸರೇ ಅಲ್ಲ’ ಎಂದು ಚಾಚಾ ತೀರ್ಪು ನೀಡುತ್ತಾರೆ. ಇಟ್ಟ ಹೆಸರು ಹಳೆಯದಾಗಿದ್ದರೆ ತೀರ್ಪಿನ ಧಾಟಿ ಬೇರೆ: ‘ಈ ಕಾಲದಲ್ಲೂ ಇಂಥ ಹಳ್ಳಿಯ ಹೆಸರು ಇಡುತ್ತಾರೆಯೇ?’ ತೊಟ್ಟಿಲಲ್ಲಿ ಮಲಗಿರುವ ಮಗುವಿಗೆ ಈ ಲೋಕದ ಪರಿಚಯವೇ ಆಗಿರುವುದಿಲ್ಲ. ಆದರೆ ಲೋಕ ಅದರ ಮೇಲೆ ತನ್ನ ಮೊದಲ ತೀರ್ಪನ್ನು ಹೇಳಿ ಮುಗಿಸಿರುತ್ತದೆ.

ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಿ, ವಿಜಯಪುರದ ರೇಷ್ಮೆ ನೂಲು ಬಿಚ್ಚುವ ಮನೆಗಳಲ್ಲಿ, ಹೊಸಕೋಟೆ ಮತ್ತು ನೆಲಮಂಗಲದ ಹೊಸ ಬಡಾವಣೆಗಳಲ್ಲಿ ಈ ದೃಶ್ಯ ಯಾರಿಗೂ ಹೊಸದಲ್ಲ. ಒಂದೇ ಪಡಿತರ ಚೀಟಿಯನ್ನು ತೆರೆದು ನೋಡಿದರೂ ಮೂರು ತಲೆಮಾರುಗಳ ಕಥೆ ಸಿಗುತ್ತದೆ. ಅಜ್ಜ ಬುಡನ್ ಸಾಬ್, ಅಜ್ಜಿ ಪ್ಯಾರೀ ಜಾನ್. ಮಗ ಅಮ್ಜದ್ ಪಾಷಾ, ಸೊಸೆ ಶಮೀಮ್ ತಾಜ್. ಮೊಮ್ಮಕ್ಕಳು ಝಯಾನ್ ಮತ್ತು ಇನಾಯಾ. ಹೆಸರುಗಳು ಬದಲಾಗುವುದು ಸಹಜ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮೊಮ್ಮಗನನ್ನು ಶಾಲೆಗೆ ಬಿಡಲು ಹೋದ ಅಜ್ಜನ ಹೆಸರು ಹೇಳಲು ಅದೇ ಮನೆಯವರು ಸಂಕೋಚಪಡುವಂತಾದಾಗ, ಅಲ್ಲಿ ಬದಲಾದದ್ದು ಹೆಸರು ಮಾತ್ರವಲ್ಲ, ಮನಸ್ಸು ಎಂದು ಹೇಳಬೇಕಾಗುತ್ತದೆ.

ನಮ್ಮಲ್ಲಿ ಎರಡು ಕಾಯಿಲೆಗಳಿವೆ. ಮೊದಲನೆಯದು, ಪ್ರದರ್ಶನಕ್ಕಾಗಿ ಹೆಸರಿಡುವುದು. ಊರಿನಲ್ಲಿ ಯಾರಿಗೂ ಇರಬಾರದು, ಯಾರೂ ಕೇಳಿರಬಾರದು, ಕೇಳಿದವರು ಬೆರಗಾಗಬೇಕು. ಇದಕ್ಕಾಗಿ ಮೊಬೈಲಿನಲ್ಲಿ ರಾತ್ರಿಯೆಲ್ಲ ಹುಡುಕಾಟ. ಅಲ್ಲಿ ಸಿಗುವ ಹೆಸರುಗಳಲ್ಲಿ ಬಹುಪಾಲಿಗೆ ‘ದೇವರ ಕೊಡುಗೆ’ ಅಥವಾ ‘ಸ್ವರ್ಗದ ಹೂವು’ ಎಂಬ ಅರ್ಥವೇ ಅಂಟಿಕೊಂಡಿರುತ್ತದೆ. ಅದು ಯಾವ ಭಾಷೆಯ ಶಬ್ದ, ಯಾವ ಮೂಲದಿಂದ ಬಂದುದು ಎಂದು ವಿಚಾರಿಸುವವರಿಲ್ಲ. ಪವಿತ್ರ ಕುರ್‌ಆನಿನ ಪುಟ ತೆರೆದು ಕಣ್ಣಿಗೆ ಬಿದ್ದ ಶಬ್ದವನ್ನೇ ಹೆಸರಾಗಿಸುವವರೂ ಇದ್ದಾರೆ. ‘ಅನಮ್ತಾ’ ಎಂಬ ಹೆಸರು ಇಂದು ಎಷ್ಟೋ ಹೆಣ್ಣುಮಕ್ಕಳಿಗಿದೆ. ಸೂರಃ ಫಾತಿಹಾದಲ್ಲಿ ಬರುವ ಆ ಶಬ್ದ ಒಂದು ಕ್ರಿಯಾಪದ. ‘ನೀನು ಅನುಗ್ರಹಿಸಿದೆ’ ಎಂದು ಅದರ ಅರ್ಥ. ‘ರಯ್ಯಾನ್’ ಉಪವಾಸಿಗರಿಗೆ ಮೀಸಲಾದ ಸ್ವರ್ಗದ್ವಾರದ ಸುಂದರ ಹೆಸರು. ಅದನ್ನು ಕಾನ್ವೆಂಟ್ ಶಾಲೆಗೆ ಒಪ್ಪುವಂತೆ ‘ರಯಾನ್’ ಎಂದು ಇಂಗ್ಲಿಷಿನಲ್ಲಿ ಬರೆಸುವಾಗ ನಾವು ಯಾರನ್ನು ಮೆಚ್ಚಿಸಲು ಹೊರಟಿದ್ದೇವೆ?

ಎರಡನೆಯ ಕಾಯಿಲೆ ಇದಕ್ಕಿಂತಲೂ ಕೆಟ್ಟದು. ಅದು ಇನ್ನೊಬ್ಬರ ಮಗುವಿನ ಹೆಸರು ಕೇಳಿ ನಗುವುದು. 2020ರ ಲಾಕ್‌ಡೌನ್ ದಿನಗಳಲ್ಲಿ ‘ಎರ್ತುಗ್ರುಲ್’ ಎಂಬ ತುರ್ಕಿ ಧಾರಾವಾಹಿ ಉರ್ದುವಿನಲ್ಲಿ ಮನೆಮನೆ ತಲುಪಿತು. ಅದರ ಪಾತ್ರಗಳ ಹೆಸರನ್ನು ಮಕ್ಕಳಿಗಿಟ್ಟವರನ್ನು ಗೇಲಿ ಮಾಡಿದ ಹಿರಿಯರು ಕಡಿಮೆಯೇನಲ್ಲ. ಹಾಗೆ ನಕ್ಕವರಲ್ಲಿ ಅನೇಕರ ಹೆಸರು ‘ಪಾಷಾ’ ಎಂದೇ ಮುಗಿಯುತ್ತದೆ! ಪಾಷಾ ಎಂಬುದು ಉಸ್ಮಾನೀ ತುರ್ಕಿಯ ಸೇನಾನಿಗಳಿಗೂ ಪ್ರಾಂತಾಧಿಕಾರಿಗಳಿಗೂ ಸುಲ್ತಾನರು ಕೊಡುತ್ತಿದ್ದ ಬಿರುದು. ಸ್ವತಃ ತುರ್ಕಿಯೇ 1934ರಲ್ಲಿ ಕಾನೂನು ಮಾಡಿ ಅಂಥ ಬಿರುದುಗಳನ್ನು ರದ್ದುಪಡಿಸಿತು. ಅಲ್ಲಿ ರದ್ದಾದ ಬಿರುದು ನಮ್ಮ ಮಗ್ಗದ ಕೆಲಸಗಾರರ ಮನೆಗಳಲ್ಲಿ ಇಂದಿಗೂ ಕ್ಷೇಮವಾಗಿದೆ. ಸುಲ್ತಾನ್, ನವಾಬ್, ಖಾನಂ, ಬೇಗಂ ಇವೆಲ್ಲವೂ ಒಂದು ಕಾಲದ ಆಡಂಬರಗಳೇ. ನಿನ್ನೆಯ ಆಡಂಬರ ರೂಢಿಯಾದೊಡನೆ ಸಂಪ್ರದಾಯವೆನಿಸಿಕೊಳ್ಳುತ್ತದೆ, ಇಂದಿನದು ಮಾತ್ರ ನಗೆಪಾಟಲಾಗುತ್ತದೆ. ಇದು ಯಾವ ನ್ಯಾಯ?

ಹಾಗಾದರೆ ಹೆಸರಿಗೆ ಮಹತ್ವವೇ ಇಲ್ಲವೇ? ಖಂಡಿತ ಇದೆ. ಪ್ರವಾದಿ ಮುಹಮ್ಮದ್(ಸ)ರು ಕೆಲವು ಹೆಸರುಗಳನ್ನು ಬದಲಾಯಿಸಿದ್ದರು. ಯಾವುದನ್ನು, ಯಾಕೆ ಎಂಬುದನ್ನು ಗಮನಿಸಬೇಕು. ‘ಬರ್‍ರಾ’ ಎಂಬ ಹೆಸರಿನ ಮಹಿಳೆಯರಿದ್ದರು. ಪುಣ್ಯವತಿ ಎಂದು ಅದರ ಅರ್ಥ. ಅರ್ಥ ಎಷ್ಟು ಚೆನ್ನಾಗಿದೆಯಲ್ಲವೇ? ಆದರೆ ಅದರಲ್ಲಿ ಆತ್ಮಪ್ರಶಂಸೆಯ ವಾಸನೆಯಿದೆಯೆಂದು ಪ್ರವಾದಿ(ಸ)ರು ಅದನ್ನು ಝೈನಬ್ ಎಂದು, ಜುವೈರಿಯಾ ಎಂದು ಬದಲಾಯಿಸಿದರು. ‘ರಾಜಾಧಿರಾಜ’ ಎಂಬ ಹೆಸರಿಟ್ಟುಕೊಳ್ಳುವುದು ಅಲ್ಲಾಹನ ಬಳಿ ಅತ್ಯಂತ ಹೀನವೆಂದು ಎಚ್ಚರಿಸಿದರು. ಇನ್ನೊಂದೆಡೆ, ಉಮರ್, ಹಂಝ, ಖಾಲಿದ್, ಬಿಲಾಲ್, ಖದೀಜಾ ಇವೆಲ್ಲ ಇಸ್ಲಾಮಿಗಿಂತ ಮೊದಲೇ ಇಟ್ಟಿದ್ದ ಹೆಸರುಗಳು. ಅವನ್ನು ಬದಲಾಯಿಸಿರೆಂದು ಯಾರೂ ಹೇಳಲಿಲ್ಲ. ಅಂದರೆ, ಹೆಸರಿನಲ್ಲಿ ನೋಡಬೇಕಾದುದು ಅದು ಅರಬಿಯೋ ಅಲ್ಲವೋ, ಹೊಸದೋ ಹಳೆಯದೋ ಎಂದಲ್ಲ. ಅದರಲ್ಲಿ ಕೆಡುಕಿನ ಅರ್ಥವಿದೆಯೇ, ಅಹಂಕಾರವಿದೆಯೇ ಎಂಬುದನ್ನು ಮಾತ್ರ.

ಹಝ್‌ನ್ ಎಂಬ ವ್ಯಕ್ತಿಯ ಪ್ರಸಂಗವಂತೂ ನಮ್ಮ ಚಾಚಾಗಳೆಲ್ಲ ಓದಬೇಕಾದುದು. ಒರಟು ನೆಲ ಎಂಬ ಅರ್ಥದ ಆ ಹೆಸರಿನ ಬದಲಿಗೆ ಸುಲಭ ಎಂಬ ಅರ್ಥದ ‘ಸಹ್ಲ್’ ಎಂದಿಟ್ಟುಕೊಳ್ಳುವಂತೆ ಪ್ರವಾದಿ(ಸ)ರು ಸೂಚಿಸಿದರು. ತಂದೆಯಿಟ್ಟ ಹೆಸರನ್ನು ಬಿಡಲಾರೆನೆಂದು ಆತ ಹೇಳಿದ. ಅವನನ್ನು ಬಲವಂತ ಮಾಡಲಿಲ್ಲ. ಪ್ರವಾದಿ(ಸ)ರೇ ಸಲಹೆಗೆ ನಿಲ್ಲಿಸಿದಲ್ಲಿ ನಾವು ತೀರ್ಪು ಕೊಡಲು ಯಾರು?

ಅರೆಜ್ಞಾನದ ತೀರ್ಪು ಎಷ್ಟು ಅಪಾಯಕಾರಿ ಎಂಬುದಕ್ಕೆ ‘ಆಸಿಯಾ’ ಒಂದು ಉದಾಹರಣೆ. ಈ ಹೆಸರಿನ ಅರ್ಥ ‘ಅವಿಧೇಯೆ’, ಪ್ರವಾದಿ(ಸ)ರು ಇದನ್ನು ಜಮೀಲಾ ಎಂದು ಬದಲಾಯಿಸಿದ್ದರು ಎಂದು ಹೇಳಿ ಹೆಣ್ಣುಮಕ್ಕಳ ಮನಸ್ಸು ನೋಯಿಸುವವರಿದ್ದಾರೆ. ಆದರೆ ಆ ಆಸಿಯಾ ಅರಬಿಯಲ್ಲಿ ಐನ್ ಮತ್ತು ಸ್ವಾದ್ ಅಕ್ಷರಗಳ ಶಬ್ದ. ಫಿರ್‌ಔನನ ಸತ್ಯವಿಶ್ವಾಸಿ ಪತ್ನಿಯ ಹೆಸರಿನಲ್ಲಿರುವುದು ಅಲಿಫ್ ಮತ್ತು ಸೀನ್. ಕನ್ನಡದಲ್ಲಿ ಬರೆದಾಗ ಎರಡೂ ಒಂದೇ. ಅಕ್ಷರದ ವ್ಯತ್ಯಾಸ ತಿಳಿಯದವರು ಒಬ್ಬ ಮಹಾಮಹಿಳೆಯ ಹೆಸರನ್ನು ಕಳಂಕವಾಗಿಸಿದರು.

ಹೆಸರಿಗೆ ಬೆಲೆ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯಲು ನಾವು ದೂರ ಹೋಗಬೇಕಿಲ್ಲ. ದೇವನಹಳ್ಳಿಗೆ ಹೋದರೆ ಸಾಕು. 1751ರಲ್ಲಿ ಅಲ್ಲಿ ಹೈದರ್ ಅಲಿ ಮತ್ತು ಫಕ್ರುನ್ನಿಸಾ ದಂಪತಿಗೆ ಹುಟ್ಟಿದ ಮಗುವಿಗೆ ಆರ್ಕಾಟಿನ ಸಂತ ಟಿಪ್ಪು ಮಸ್ತಾನ್ ಔಲಿಯಾರ ಹೆಸರಿಟ್ಟರು. ಇಂದಿನ ಅಖೀಖಾದಲ್ಲಿ ‘ಟಿಪ್ಪು’ ಎಂದು ಪ್ರಕಟಿಸಿದ್ದರೆ ಏನಾಗುತ್ತಿತ್ತು? ಅರ್ಥವೇನು, ಯಾವ ಭಾಷೆ ಎಂದು ಎಷ್ಟು ಮಂದಿ ಮೂಗು ಮುರಿಯುತ್ತಿದ್ದರು? 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಹೋರಾಡುತ್ತಾ ಮಡಿದವನ ಆ ಹೆಸರಿಗೆ ಇಂದು ಯಾರೂ ಅರ್ಥ ಕೇಳುವುದಿಲ್ಲ. ಅವನ ಬದುಕೇ ಅದರ ಅರ್ಥವಾಯಿತು.

ಅದೇ ದೇವನಹಳ್ಳಿಯಲ್ಲಿ 1936ರಲ್ಲಿ ಇನ್ನೊಂದು ಮಗು ಹುಟ್ಟಿತು. ಪೂರ್ಣ ಹೆಸರು ಕೊಕ್ಕರೆ ಹೊಸಹಳ್ಳಿ ಶೇಖ್ ಹೈದರ್ ನಿಸಾರ್ ಅಹಮದ್. ಒಂದೇ ಹೆಸರಿನಲ್ಲಿ ಹಳ್ಳಿಯೂ ಇದೆ, ತಂದೆಯೂ ಇದ್ದಾರೆ, ಕನ್ನಡವೂ ಇದೆ, ಅರಬಿಯೂ ಇದೆ. ‘ನಿತ್ಯೋತ್ಸವ’ದ ಕವಿ ತಮ್ಮ ಹಳ್ಳಿಯ ಹೆಸರಿಗೆ ನಾಚಲಿಲ್ಲ. 2008ರಲ್ಲಿ ಪದ್ಮಶ್ರೀ ಬಂದಾಗಲೂ, 2017ರಲ್ಲಿ ಮೈಸೂರು ದಸರಾ ಉದ್ಘಾಟಿಸಿದಾಗಲೂ ಕೊಕ್ಕರೆ ಹೊಸಹಳ್ಳಿ ಅವರ ಹೆಸರಿನ ಮುಂದೆಯೇ ಇತ್ತು. ನಾವೋ, ಹಳ್ಳಿ ಎಂಬ ಶಬ್ದಕ್ಕೇ ಹೆದರುವವರಾಗಿದ್ದೇವೆ. ಇದು ನಮ್ಮ ಸಮುದಾಯದ ಕಾಯಿಲೆ ಮಾತ್ರವಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೆಸರನ್ನು ಬೆಂಗಳೂರು ಉತ್ತರ ಎಂದು ಬದಲಾಯಿಸಲು 2025ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟವೇ ತೀರ್ಮಾನಿಸಿತು. ‘ಗ್ರಾಮಾಂತರ’ ಹೋದರೆ ರೈತನ ಕೊಳವೆ ಬಾವಿಯಲ್ಲಿ ನೀರು ಬರುತ್ತದೆಯೇ?

ಈಗ ನಮ್ಮ ಆತ್ಮಸಾಕ್ಷಿಗೆ ಒಂದು ಪ್ರಶ್ನೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋದ ನಮ್ಮ ಯುವಕನಿಗೆ ಹೆಸರು ಹೇಳುವವರೆಗೆ ಮನೆ ಖಾಲಿಯಿರುತ್ತದೆ, ಹೆಸರು ಹೇಳಿದೊಡನೆ ಅದು ಭರ್ತಿಯಾಗಿಬಿಡುತ್ತದೆ. ಇದು ಅನ್ಯಾಯವೆಂದು ನಾವು ದೂರುತ್ತೇವೆ. ಸರಿಯೇ, ಅದು ಅನ್ಯಾಯವೇ. ಆದರೆ ನಿಕಾಹ್ ಸಂಬಂಧ ಬಂದಾಗ ವರನ ತಂದೆಯ ಹೆಸರು ಬುಡನ್ ಸಾಬ್ ಎಂದು ಕೇಳಿ ಮುಖ ಸಿಂಡರಿಸುವವರು ಯಾರು? ಹೆಸರು ಕೇಳಿ ಮನುಷ್ಯನನ್ನು ಅಳೆಯುವುದು ಅವರು ಮಾಡಿದರೆ ದ್ವೇಷ, ನಾವು ಮಾಡಿದರೆ ಅಭಿರುಚಿಯೇ? ಒಬ್ಬರನ್ನೊಬ್ಬರು ಗೇಲಿ ಮಾಡಬೇಡಿ, ಅಡ್ಡಹೆಸರುಗಳಿಂದ ಕರೆಯಬೇಡಿ ಎಂದು ಸೂರಃ ಹುಜುರಾತ್ ನೀಡಿರುವ ಆದೇಶ ಮೊದಲು ಅನ್ವಯವಾಗುವುದು ನಮ್ಮ ಮನೆಯ ಹಜಾರಕ್ಕೆ.

ಹೆಸರಿನ ವಿಷಯದಲ್ಲಿ ನಿಜವಾಗಿ ಕಾಳಜಿ ವಹಿಸಬೇಕಾದ ಕಡೆ ಮಾತ್ರ ನಾವು ಉದಾಸೀನರು. ಅದು ದಾಖಲೆ. ಒಬ್ಬನೇ ವ್ಯಕ್ತಿ ಆಧಾರ್‌ನಲ್ಲಿ ಮುಹಮ್ಮದ್, ಅಂಕಪಟ್ಟಿಯಲ್ಲಿ ಮೊಹಮ್ಮದ್, ಮತದಾರರ ಪಟ್ಟಿಯಲ್ಲಿ ಬರೀ ‘ಎಂಡಿ’. ಮದುವೆಯ ಮೊದಲು ‘ಬೀ’ ಆಗಿದ್ದವಳು ಅನಂತರ ‘ಬೇಗಂ’. ಅಸ್ಸಾಮಿನಲ್ಲಿ 2019ರ ಆಗಸ್ಟ್ 31ರಂದು ಪ್ರಕಟವಾದ ಪೌರತ್ವ ಪಟ್ಟಿಯಿಂದ 19 ಲಕ್ಷಕ್ಕೂ ಅಧಿಕ ಮಂದಿ ಹೊರಗುಳಿದರು. ಅಕ್ಷರಗಳ ವ್ಯತ್ಯಾಸಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದ ಬಡವರ ಪಾಡನ್ನು ನಾವು ಕಂಡಿದ್ದೇವೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶದಿಂದ ಮತದಾರರ ಪಟ್ಟಿಯವರೆಗೆ ಜನನ ಪ್ರಮಾಣಪತ್ರವೇ ಆಧಾರ. ಹೆಸರು ನಿರ್ಧಾರವಾಗದಿದ್ದರೂ ಜನನವನ್ನು ನೋಂದಾಯಿಸಬಹುದು. ಹನ್ನೆರಡು ತಿಂಗಳೊಳಗೆ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು. ಆದ್ದರಿಂದ ಅವಸರ ಬೇಡ. ಅರ್ಥವನ್ನು ಬಲ್ಲವರಲ್ಲಿ ವಿಚಾರಿಸಿ. ಊರಿನ ಶಾಲೆಯ ಶಿಕ್ಷಕಿ ಸಲೀಸಾಗಿ ಉಚ್ಚರಿಸಬಲ್ಲ ಹೆಸರಿಡಿ. ಒಮ್ಮೆ ಬರೆಸಿದ ಅಕ್ಷರಗಳನ್ನೇ ಎಲ್ಲೆಡೆ ಬರೆಸಿ.

ಇಷ್ಟಾದ ಮೇಲೆ, ಇನ್ನೊಬ್ಬರ ಅಖೀಖಾಕ್ಕೆ ಹೋದಾಗ ಮಗುವಿನ ಹೆಸರು ಹೇಗೇ ಇರಲಿ, ತಪ್ಪು ಅರ್ಥವಿದ್ದರೆ ತಂದೆಯನ್ನು ಏಕಾಂತದಲ್ಲಿ ಕರೆದು ಮೃದುವಾಗಿ ತಿಳಿಸಿ. ತಪ್ಪಿಲ್ಲದಿದ್ದರೆ ಸುಮ್ಮನಿರಿ, ಮಗುವಿಗಾಗಿ ದುಆ ಮಾಡಿ. ಆ ಹೆಸರಿಗೆ ಅರ್ಥ ತುಂಬುವ ಕೆಲಸ ಮಗುವಿನದು. ಅದಕ್ಕೆ ಬೇಕಾದ ವಿದ್ಯೆ ಮತ್ತು ಶೀಲವನ್ನು ಕೊಡುವ ಕೆಲಸ ನಮ್ಮದು. ಅದನ್ನು ಮಾಡದೆ ಹೆಸರಿನ ಬಗ್ಗೆ ಮಾತ್ರ ಚರ್ಚಿಸುವ ಸಮುದಾಯಕ್ಕೆ ಯಾವ ಹೆಸರೂ ಕೀರ್ತಿ ತರಲಾರದು.