ಗಣಕದ ಜಗುಲಿ: ಕಪಾಟಿನಲ್ಲಿರುವ ದನಿಗಳು

ಊರಿಗೆ ಹೋಗಿ ಬರುವಾಗ ಉಪ್ಪಿನಕಾಯಿ, ಚಟ್ನಿಪುಡಿಗಳ ಜೊತೆಗೆ ಸೀರೆಯ ಮಡಿಕೆಯಲ್ಲಿ ಸಿ.ಡಿ.ಗಳನ್ನು ಸುತ್ತಿ ತಂದವರು ನಮ್ಮಲ್ಲಿ ಅನೇಕರು. ದಾಸರ ಪದ, ಭಾವಗೀತೆ, ಯಕ್ಷಗಾನಗಳ ಆ ಸಂಗ್ರಹವು ಇಂದು ಕಪಾಟಿನ ಮೂಲೆ ಸೇರಿದೆ. ಅಂಗಡಿಯಲ್ಲಿ ಕೊಂಡವುಗಳಲ್ಲಿ ಕೆಲವು ಅಂತರಜಾಲದಲ್ಲಿ ದೊರೆತಾವು. ಆದರೆ ಕನ್ನಡ ಕೂಟದ ಯುಗಾದಿಯಂದು ಹಿರಿಯರು ಹಾಡಿದ್ದನ್ನು ನಾವೇ ಮನೆಯಲ್ಲಿ ಸಿ.ಡಿ.ಗೆ ಇಳಿಸಿಕೊಂಡೆವಲ್ಲ, ಅದು ಬೇರೆಲ್ಲಿಯೂ ದೊರೆಯದು. ಇಂಥ ಸಿ.ಡಿ.ಗಳಲ್ಲಿ ದನಿಯನ್ನು ಹಿಡಿದಿಟ್ಟಿರುವುದು ತೆಳುವಾದ ಬಣ್ಣದ ಪದರ. ಬೆಳಕಿಗೂ ಬಿಸಿಗೂ ಅದು ಮಾಸುತ್ತ ಹೋಗುತ್ತದೆ.

ಈ ದನಿಗಳನ್ನು ಗಣಕಕ್ಕೆ ಇಳಿಸಲು ನಾನು ಲಿನಕ್ಸ್ ಬಳಸುತ್ತೇನೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಈ ತಂತ್ರಾಂಶವು ಉಚಿತ. ನೆಲಮಾಳಿಗೆಯಲ್ಲಿ ಕುಳಿತಿರುವ, ಸಿ.ಡಿ. ಡ್ರೈವ್ ಉಳ್ಳ ಹಳೆಯ ಗಣಕದಲ್ಲಿಯೂ ನಡೆಯುತ್ತದೆ.

ಹಾಡಿನ ಸಿ.ಡಿ.ಯಲ್ಲಿ ಕಡತಗಳಿರುವುದಿಲ್ಲ. ಸೆಕೆಂಡಿಗೆ 44,100 ಬಾರಿ, ಎಡ ಬಲ ಎರಡು ಕಿವಿಗಳಿಗೂ ಪ್ರತ್ಯೇಕವಾಗಿ, ದನಿಯನ್ನು ಅಳೆದು ಬರೆದ ಅಂಕಿಗಳ ಒಂದೇ ಪ್ರವಾಹವದು. ಗೀರು ಬಿದ್ದೆಡೆ ಯಂತ್ರವು ಊಹೆಯಿಂದ ತುಂಬಿಕೊಂಡು ಮುಂದೆ ಸಾಗಿಬಿಡುತ್ತದೆ. ಲಿನಕ್ಸಿನ 'ಸಿಡಿ ಪ್ಯಾರನೋಯಾ' ಎಂಬ ಉಪಕರಣ ಹಾಗಲ್ಲ. ಹೆಸರಿಗೆ ತಕ್ಕಂತೆ ಅದು ಮಹಾ ಸಂಶಯಗ್ರಸ್ತ! ಓದಿದ ಭಾಗವನ್ನೇ ಮತ್ತೆ ಓದಿ, ಎರಡನ್ನೂ ತಾಳೆ ನೋಡಿದ ಮೇಲೆಯೇ ಒಪ್ಪಿಕೊಳ್ಳುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸುವ ಅಜ್ಜಿಯ ತಾಳ್ಮೆ ಅದರದು.

ಒಂದು ಗಂಟೆಯ ಸಂಗೀತವು ಸುಮಾರು 635 ಮೆಗಾಬೈಟ್. ಅದನ್ನು 'ಫ್ಲ್ಯಾಕ್' ರೂಪಕ್ಕೆ ತಂದರೆ ಹೆಚ್ಚುಕಡಿಮೆ ಅರ್ಧದಷ್ಟಾಗುತ್ತದೆ. ಎಂಪಿ3ಯಲ್ಲಾಗುವಂತೆ ದನಿಯ ಯಾವ ಅಂಶವೂ ನಷ್ಟವಾಗುವುದಿಲ್ಲ. ಓದುವುದು, ಅಡಕಗೊಳಿಸುವುದು, ಹೆಸರಿಡುವುದು, ಈ ಮೂರನ್ನೂ 'ಎಬಿಸಿಡಿಇ' ಎಂಬ ಒಂದೇ ಆದೇಶ ನಿರ್ವಹಿಸುತ್ತದೆ. ಆದೇಶ ಬರೆಯಲು ಹಿಂಜರಿಯುವವರಿಗೆ ಗುಂಡಿ ಒತ್ತಿ ನಡೆಸುವ 'ಸೌಂಡ್ ಜ್ಯೂಸರ್' ಇದೆ.

ಹೆಸರಿಡುವ ಹಂತದಲ್ಲಿ ಮಾತ್ರ ನಮ್ಮ ಶ್ರಮ ಬೇಕು. ಪ್ರಸಿದ್ಧ ಸಿ.ಡಿ.ಗಳ ವಿವರಗಳನ್ನು 'ಮ್ಯೂಸಿಕ್‌ಬ್ರೇನ್ಸ್' ಎಂಬ ಸಾರ್ವಜನಿಕ ಕೋಶವು ಒದಗಿಸುತ್ತದೆ. ನಮ್ಮ ಕೂಟದ ಸಿ.ಡಿ.ಯ ವಿವರವನ್ನು ಯಾವ ಕೋಶ ತಾನೇ ಬಲ್ಲದು? ಫ್ಲ್ಯಾಕ್ ಕಡತದೊಳಗೆ ಕನ್ನಡ ಲಿಪಿಯಲ್ಲಿಯೇ ಬರೆದಿಡಬಹುದು. ಹಾಡಿದವರು ಯಾರು, ತಬಲಾ ಯಾರದು, ಯಾವ ವರ್ಷ, ಯಾರ ಮನೆಯ ಅಂಗಳ ಎಂಬುದನ್ನು ಬಲ್ಲ ಹಿರಿಯರು ನಮ್ಮೊಡನಿರುವಾಗಲೇ ಕೇಳಿ ಬರೆದುಕೊಳ್ಳಬೇಕು. ದನಿ ಉಳಿದು ಹೆಸರು ಅಳಿದರೆ, ನಾಳೆ ನಮ್ಮ ಮೊಮ್ಮಕ್ಕಳಿಗೆ ಅದು ಯಾರದೋ ಹಾಡು.

ಇಳಿಸಿದ ಕಡತಗಳ ಪ್ರತಿ ಎರಡು ಕಡೆ ಇರಲಿ. ಕೊಂಡು ತಂದ ಸಿ.ಡಿ.ಗಳ ಪ್ರತಿ ಸ್ವಂತ ಬಳಕೆಗಷ್ಟೇ ಇರಲಿ, ಹಂಚಲಿಕ್ಕಲ್ಲ. ಸಮ್ಮೇಳನ ಮುಗಿಸಿ ಮನೆಗೆ ತೆರಳಿದ ಮೇಲೆ, ಕೈಯಿಂದ ಹೆಸರು ಬರೆದ ಆ ಮನೆಯ ಸಿ.ಡಿ.ಗಳಿಂದಲೇ ಈ ಕಾರ್ಯವನ್ನು ಆರಂಭಿಸಬೇಕೆಂದು ನನ್ನ ಸವಿನಯ ಪ್ರಾರ್ಥನೆ.